ಹಳೆಯ ಚಾಲನಚಕ್ರಗಳ ಲಿಪಿ

ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿರುವ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಬೆಳಕಿಗೆ ತಂದುದು ವಾಚಕರಿಗೆ ವಿದಿತವೇ ಇದೆ. ಆ ಬಂಡೆಗಳು ಎರಡು ಸಾವಿರ ವರ್ಷಗಳಿಗೂ ಮಿಕ್ಕಿ ಬಿಸಿಲು ಮಳೆಗಳಿಗೆ ಮೈಯೊಡ್ಡಿ ನಿಂತಿದ್ದವು. ಅಕ್ಷರಗಳೂ ಬಹುಮಟ್ಟಿಗೆ ಉಳಿದಿದ್ದವು. ಓದುವವರು ಮಾತ್ರ ಇರಲಿಲ್ಲ. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿಯ ಗಂಟನ್ನು ಬಿಡಿಸಿರದಿದ್ದಲ್ಲಿ ರೈಸ್ ಅವರ ಶೋಧವು ಬರಿಯ ಗೀಟುಗಳ ಶೋಧವಾಗಿಯೇ ಉಳಿಯಬಹುದಾಗಿದ್ದಿತು. ವಸ್ತುವು ಉಳಿಯುವುದು ಬೇರೆ, ಅದರ ಅರ್ಥವು ಉಳಿಯುವುದು ಬೇರೆ. ಈ ಭೇದವು ಪ್ರಾಚೀನ ಕಾಲಕ್ಕೆ ಮಾತ್ರ ಸಲ್ಲುವುದೆಂದು ತಿಳಿಯುವುದು ವಾಡಿಕೆ. ಆದರೆ ನಮ್ಮ ಕಣ್ಣೆದುರಿನಲ್ಲಿಯೇ, ಒಂದೆರಡು ದಶಕಗಳೊಳಗಾಗಿ, ವಿಡಿಯೋ ಆಟದ ಯಂತ್ರಗಳ ಚಾಲನಚಕ್ರಗಳ ವಿಷಯದಲ್ಲಿ ಅದೇ ಸಂಗತಿಯು ನಡೆದುಹೋಗಿರುವುದು. ಆ ಚಕ್ರಗಳು ಹೇಗೆ ಮೂಕವಾದವು, ಹೇಗೆ ಮರಳಿ ಮಾತು ಪಡೆದವು ಎಂಬುದನ್ನು ನಮ್ಮ ಸೀಮೆಯ ಶಾಸನಗಳನ್ನೇ ದೃಷ್ಟಾಂತವಾಗಿಟ್ಟುಕೊಂಡು ಇಲ್ಲಿ ವಿಚಾರಿಸುವೆವು.

ಆಟಿಕೆಯ ವಿಚಾರವು ವಿದ್ವತ್ಪತ್ರಿಕೆಗೆ ತಕ್ಕುದೇ ಎಂದು ಕೆಲವರು ಶಂಕಿಸಬಹುದು. ನಮ್ಮ ನಾಡಿನ ಹಳೆಯ ದೇವಾಲಯಗಳ ಜಗತಿಯ ಮೇಲೆ ಚೌಕಾಬಾರ, ಹುಲಿಕಟ್ಟುಗಳ ಮನೆಗಳನ್ನು ಗೀರಿರುವುದನ್ನು ಕಂಡವರಿಗೆ ಈ ಶಂಕೆಯು ಬಾರದು. ಜನರು ಏನನ್ನು ಪೂಜಿಸಿದರು, ಯಾರಿಗೆ ಕಪ್ಪವನ್ನು ತೆತ್ತರು ಎಂಬುದರಂತೆಯೇ ಏನನ್ನು ಆಡಿದರು ಎಂಬುದೂ ಚರಿತ್ರೆಗೆ ಸೇರಿದುದು.

ಮೊದಲು ಉಪಕರಣದ ಸ್ವರೂಪವನ್ನು ತಿಳಿಯಬೇಕು. ಕಪಿಲೆಯ ಬಾವಿಗಳಿದ್ದ ಕಾಲದಲ್ಲಿ ಹೊಳಲ್ಕೆರೆ ಹೊಸದುರ್ಗಗಳ ಕಡೆಯ ತೋಟಿಗನು ತೊಗಲಿನ ಚೀಲವು ತುಂಬಿತೇ ಎಂದು ಬಾವಿಯನ್ನು ಇಣಿಕಿ ನೋಡಬೇಕಾಗಿರಲಿಲ್ಲ. ಹಗ್ಗದ ಬಿಗಿಯೇ ಅದನ್ನು ಹೇಳುತ್ತಿದ್ದಿತು. ಮೋಟಾರು ಗಾಡಿಯನ್ನು ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಓಡಿಸುವವನೂ ರಸ್ತೆಯನ್ನು ಕಣ್ಣಿನಿಂದ ಎಷ್ಟು ನೋಡುವನೋ ಅಷ್ಟೇ ಕೈಯಿಂದಲೂ ಅರಿಯುವನು. ತಿರುವಿನಲ್ಲಿ ಚಕ್ರವು ಬಿಗಿಯುವುದು, ಜಾರುನೆಲದಲ್ಲಿ ಸಡಿಲವಾಗುವುದು, ಹಳ್ಳಕ್ಕೆ ಬಿದ್ದಾಗ ಅದಿರುವುದು. ಪರದೆಯ ಮೇಲೆ ಓಡುವ ಗಾಡಿಗೆ ನೆಲವಿಲ್ಲ, ಭಾರವಿಲ್ಲ. ಆದುದರಿಂದ ಆಟಗಾರನ ಕೈಯಲ್ಲಿರುವ ಚಕ್ರದ ಹಿಂದೆ ವಿದ್ಯುತ್ತಿನ ಮೋಟಾರೊಂದನ್ನು ಇರಿಸಿ, ಆಟವು ಲೆಕ್ಕಹಾಕಿದ ಬಲವನ್ನು ಅದರಿಂದ ಕೈಗೆ ಮುಟ್ಟಿಸುವರು. ಇದನ್ನು ಪ್ರತಿಬಲ ಚಕ್ರವೆಂದು ಕರೆಯೋಣ. ಚಕ್ರವು ತಾನೆಷ್ಟು ತಿರುಗಿದೆನೆಂಬುದನ್ನು ಯಂತ್ರಕ್ಕೆ ತಿಳಿಸುವುದು. ಯಂತ್ರವು ಎಷ್ಟು ಬಲದಿಂದ ಯಾವ ಕಡೆಗೆ ಎಳೆಯಬೇಕೆಂಬುದನ್ನು ಚಕ್ರಕ್ಕೆ ಆಜ್ಞಾಪಿಸುವುದು. ಈ ಸಂವಾದಕ್ಕೆ ಒಂದು ಭಾಷೆ ಬೇಕು. ನಮ್ಮ ಕಥೆಯು ಆ ಭಾಷೆಯ ಕಥೆ.

ಕೈಗೆ ಕೃತಕವಾಗಿ ಬಲವನ್ನು ಮುಟ್ಟಿಸುವ ಯುಕ್ತಿಯನ್ನು ಮೊದಲು ಕಂಡವರು ಆಟದ ತಯಾರಕರಲ್ಲ. ವಿಮಾನದ ರೆಕ್ಕೆ ಬಾಲಗಳ ಹಲಗೆಗಳನ್ನು ಚಾಲಕನ ತೋಳಿನ ಬಲಕ್ಕೆ ಬದಲಾಗಿ ಯಂತ್ರಬಲದಿಂದ ತಿರುಗಿಸುವ ಪದ್ಧತಿಯು ಬಂದಾಗ ಗಾಳಿಯ ಒತ್ತಡವು ಅವನ ಕೈಗೆ ತಿಳಿಯದೆ ಹೋಯಿತು. ಆ ಕೊರತೆಯನ್ನು ತುಂಬಲು ಸ್ಪ್ರಿಂಗು ಮೊದಲಾದವುಗಳಿಂದ ಕೃತಕ ಸ್ಪರ್ಶವನ್ನು ಒದಗಿಸಿದರು. ೨೦೦೧ನೆಯ ಜನವರಿ ೪ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ ತೇಜಸ್ ವಿಮಾನದಲ್ಲಿಯೂ ಚಾಲಕನ ದಂಡಕ್ಕೂ ಹಲಗೆಗಳಿಗೂ ನಡುವೆ ಇರುವುದು ವಿದ್ಯುತ್ಸಂಕೇತವೇ ಹೊರತು ನೇರವಾದ ಎಳೆತವಲ್ಲ. ಆಟದ ಅಂಗಡಿಗಳಲ್ಲಿ ೧೯೭೬ರ ಸೆಗಾ ಕಂಪೆನಿಯ ಮೋಟೋಕ್ರಾಸ್ ಯಂತ್ರವು ಹಿಡಿಯನ್ನು ನಡುಗಿಸುತ್ತಿದ್ದಿತು; ೧೯೮೯ರ ಅಟಾರಿ ಕಂಪೆನಿಯ ಹಾರ್ಡ್ ಡ್ರೈವಿನ್ ಯಂತ್ರದಲ್ಲಿ ಚಕ್ರವೇ ಕೈಗೆ ಎದುರು ಬಲವನ್ನು ಕೊಡುತ್ತಿದ್ದಿತು. ಮನೆಗಳಿಗೆ ಈ ಉಪಕರಣವು ಬಂದುದು ೧೯೯೦ರ ದಶಕದ ಕೊನೆಯಲ್ಲಿ. ಮೈಕ್ರೋಸಾಫ್ಟ್ ಕಂಪೆನಿಯು ೧೯೯೮ರಲ್ಲಿ ಸೈಡ್‌ವಿಂಡರ್ ಚಕ್ರವನ್ನು ಹೊರತಂದಿತು. ೧೯೯೯ರಲ್ಲಿ ಯುಎಸ್‌ಬಿ ಸಂಘಟನೆಯವರು ಇಂಥ ಉಪಕರಣಗಳಿಗೆಲ್ಲ ಸಮಾನವಾದ ಒಂದು ವ್ಯಾಕರಣವನ್ನು ಪ್ರಕಟಿಸಿದರು. ಆದರೆ ತಯಾರಕರಲ್ಲಿ ಹಲವರು ಅದನ್ನು ಅನುಸರಿಸದೆ ತಮ್ಮ ತಮ್ಮ ದೇಸಿಯಲ್ಲಿಯೇ ಮಾತನಾಡಿದರು. ಮುಂದಿನ ತೊಡಕುಗಳಿಗೆಲ್ಲ ಇದೇ ಬೀಜ.

ಸ್ವಿಟ್ಜರ್ಲೆಂಡಿನ ಲಾಜಿಟೆಕ್ ಕಂಪೆನಿಯ ಚಕ್ರಗಳನ್ನು ಉದಾಹರಣೆಗೆ ತೆಗೆದುಕೊಳ್ಳುವೆವು. ಸೋನಿಯವರ ಎರಡನೆಯ ಪ್ಲೇಸ್ಟೇಷನ್ ೨೦೦೦ದಲ್ಲಿ ಬಂದಿತು. ೨೦೦೧ರ ಗ್ರಾನ್ ಟುರಿಸ್ಮೋ ೩ ಎಂಬ ಪಂದ್ಯದಾಟದೊಡನೆ ಜಿಟಿ ಫೋರ್ಸ್ ಎಂಬ ಚಕ್ರವು ಹೊರಟಿತು. ಅನಂತರ ಡ್ರೈವಿಂಗ್ ಫೋರ್ಸ್ ಪ್ರೊ, ೨೦೦೬ರಲ್ಲಿ ಜಿ೨೫, ೨೦೦೭ರಲ್ಲಿ ಡ್ರೈವಿಂಗ್ ಫೋರ್ಸ್ ಜಿಟಿ, ೨೦೦೯ರಲ್ಲಿ ಜಿ೨೭ ಬಂದವು. ಮೊದಲಿನ ಚಕ್ರವು ಅರ್ಧ ಸುತ್ತಿನಷ್ಟು ಮಾತ್ರ ತಿರುಗುತ್ತಿದ್ದರೆ ಪ್ರೊ ಮತ್ತು ಅದರ ಮುಂದಿನವು ೯೦೦ ಡಿಗ್ರಿ, ಎಂದರೆ ಎರಡೂವರೆ ಸುತ್ತು, ತಿರುಗುವಂಥವು. ೨೦೧೩ರಲ್ಲಿ ನಾಲ್ಕನೆಯ ಪ್ಲೇಸ್ಟೇಷನ್ ಬಂದಾಗ ಅದು ಜಿ೨೫, ಜಿ೨೭ಗಳನ್ನು ಅಂಗೀಕರಿಸಲಿಲ್ಲ. ಅದೇ ವರುಷ ಬಂದ ಎಕ್ಸ್‌ಬಾಕ್ಸ್ ಒನ್ ಯಂತ್ರವೂ ಹಿಂದಿನ ಎಕ್ಸ್‌ಬಾಕ್ಸ್ ೩೬೦ರ ಚಕ್ರಗಳನ್ನು ಒಳಗೆ ಬಿಡಲಿಲ್ಲ. ೨೦೧೫ರಲ್ಲಿ ಜಿ೨೯ ಎಂಬ ಹೊಸ ಚಕ್ರವು ಮಾರಾಟಕ್ಕೆ ಬಂದಿತು. ಹಳೆಯ ಚಕ್ರಗಳ ಮೋಟಾರು ಸುಟ್ಟಿರಲಿಲ್ಲ, ಹಲ್ಲು ಸವೆದಿರಲಿಲ್ಲ. ಹೊಸ ಯಂತ್ರವು ಅವುಗಳೊಡನೆ ಮಾತನಾಡುವುದನ್ನು ನಿಲ್ಲಿಸಿದ್ದಿತು, ಅಷ್ಟೆ.

ಅವುಗಳಿಗೆ ಮರಳಿ ಮಾತು ಬಂದುದು ಮುಖ್ಯವಾಗಿ ಲಿನಕ್ಸ್ ಎಂಬ, ಯಾರೂ ತಿದ್ದಬಹುದಾದ ಗಣಕವ್ಯವಸ್ಥೆಯಲ್ಲಿ. ೨೦೦೬ರಲ್ಲಿ ಆ ವ್ಯವಸ್ಥೆಯಲ್ಲಿ ಪ್ರತಿಬಲಕ್ಕೆ ಹೊಸದೊಂದು ಸಾಮಾನ್ಯ ಕಟ್ಟುಪಾಡು ಏರ್ಪಟ್ಟಿತು; ೨೦೧೦ರ ಸುಮಾರಿಗೆ ಲಾಜಿಟೆಕ್ ಚಕ್ರಗಳಿಗಾಗಿಯೇ ಬರೆದ ಚಾಲಕ ತಂತ್ರಾಂಶವು ಹುಟ್ಟಿ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಇದನ್ನು ಬರೆದವರು ಬಹುಮಟ್ಟಿಗೆ ತಮ್ಮ ಬಿಡುವಿನ ವೇಳೆಯನ್ನು ವ್ಯಯಮಾಡಿದ ಉತ್ಸಾಹಿಗಳು. ತಯಾರಕರ ಕೈಪಿಡಿಯು ಕೈಯಲ್ಲಿಲ್ಲದ ಶೋಧಕನ ಕ್ರಮವು ಶಾಸನಪಂಡಿತನ ಕ್ರಮವೇ. ತಯಾರಕರ ತಂತ್ರಾಂಶವಿರುವ ಗಣಕಕ್ಕೆ ಚಕ್ರವನ್ನು ಜೋಡಿಸಿ, ತಂತಿಯಲ್ಲಿ ಹರಿಯುವ ಅಂಕಿಗಳನ್ನೆಲ್ಲ ಬರೆದುಕೊಳ್ಳುವನು. ಒಂದೇ ಒಂದು ಸಂಗತಿಯನ್ನು ಬದಲಿಸಿ, ಯಾವ ಅಂಕಿಯು ಬದಲಾಯಿತೆಂದು ನೋಡುವನು. ಗ್ರೀಕ್ ಅಕ್ಷರಗಳೂ ಭಾರತೀಯ ಅಕ್ಷರಗಳೂ ಎರಡು ಮುಖಗಳಲ್ಲಿದ್ದ ಯವನರಾಜರ ನಾಣ್ಯಗಳಿಂದ ಪ್ರಿನ್ಸೆಪ್ ಮೊದಲಾದವರು ಖರೋಷ್ಠಿಯನ್ನು ಓದಿದುದೂ ತಿಳಿದುದರಿಂದ ತಿಳಿಯದುದಕ್ಕೆ ಹೋಗುವ ಈ ದಾರಿಯಲ್ಲಿಯೇ.

ದೃಷ್ಟಾಂತಕ್ಕಾಗಿ ಒಂದು ಆಜ್ಞೆಯನ್ನು ಓದೋಣ. ಜಿ೨೫ ಚಕ್ರಕ್ಕೆ ಹೋಗುವ ಆಜ್ಞೆಯಲ್ಲಿ ಏಳು ಅಂಕಗಳಿರುವುವು: ೨೪೮, ೧೨೯, ೧೩೨, ೩, ಮಿಕ್ಕ ಮೂರೂ ಸೊನ್ನೆ. ೨೪೮ ಎಂಬುದು ಇದು ವಿಶೇಷಾಜ್ಞೆಯೆಂಬುದರ ಸೂಚಕ, ನಮ್ಮ ಶಾಸನಗಳ ಮೊದಲಿನ 'ಸ್ವಸ್ತಿ'ಯಿದ್ದಂತೆ. ೧೨೯ ಎಂಬುದು ತಿರುಗುವ ಮೇರೆಯನ್ನು ಗೊತ್ತುಮಾಡೆಂಬ ಕ್ರಿಯಾಪದ. ಉಳಿದೆರಡು ಆ ಮೇರೆಯ ಸಂಖ್ಯೆ: ಒಂದು ಅಂಕವು ೨೫೫ಕ್ಕಿಂತ ಹೆಚ್ಚನ್ನು ಹೇಳಲಾರದಾದುದರಿಂದ, ಎರಡನೆಯದನ್ನು ೨೫೬ರಿಂದ ಗುಣಿಸಿ ಮೊದಲನೆಯದನ್ನು ಕೂಡಬೇಕು. ೩ನ್ನು ೨೫೬ರಿಂದ ಗುಣಿಸಿದರೆ ೭೬೮. ೧೩೨ನ್ನು ಕೂಡಿದರೆ ೯೦೦. ಕಿರಿಯ ಸ್ಥಾನವು ಮೊದಲು, ಹಿರಿಯ ಸ್ಥಾನವು ಅನಂತರ. 'ಅಂಕಾನಾಂ ವಾಮತೋ ಗತಿಃ' ಎಂಬ ನಮ್ಮ ಗಣಿತಜ್ಞರ ನಿಯಮವನ್ನು ಬಲ್ಲವರಿಗೆ ಈ ಕ್ರಮವು ಅಪರಿಚಿತವೆನಿಸದು.

ಇನ್ನೊಂದು ಸಂಗತಿಯು ಇದಕ್ಕಿಂತಲೂ ಕುತೂಹಲಕರವಾಗಿದೆ. ಜಿ೨೫, ಜಿ೨೭ ಮೊದಲಾದ ಚಕ್ರಗಳನ್ನು ಜೋಡಿಸಿದೊಡನೆ ಅವು ತಮ್ಮ ನಿಜವಾದ ಹೆಸರನ್ನು ಹೇಳುವುದಿಲ್ಲ. ಹಳೆಯ ಆಟಗಳು ತಮ್ಮನ್ನು ತಿರಸ್ಕರಿಸದಿರಲೆಂದು ಅವೆಲ್ಲವೂ ಹಿಂದಿನ ಡ್ರೈವಿಂಗ್ ಫೋರ್ಸ್ ಚಕ್ರದ ಸಂಖ್ಯೆಯಾದ ಸಿ೨೯೪ ಎಂಬುದನ್ನೇ ಹೇಳುವುವು. ಆ ವೇಷದಲ್ಲಿರುವಾಗ ೯೦೦ ಡಿಗ್ರಿಯ ಪೂರ್ಣ ತಿರುಗು ದೊರೆಯದು; ಜಿ೨೫ರ ಮೂರನೆಯ ತುಳಿಗೆಯಾದ ಕ್ಲಚ್ಚು ಬೇರೆಯಾಗಿ ಕಾಣಿಸದು. ಆದರೆ ಹೆಸರಿನ ಪಕ್ಕದಲ್ಲಿರುವ ಪರಿಷ್ಕರಣ ಸಂಖ್ಯೆಯನ್ನು ಮಾತ್ರ ಚಕ್ರವು ಮರೆಮಾಚುವುದಿಲ್ಲ. ಅದನ್ನು ನೋಡಿ ಇದು ಯಾವ ಚಕ್ರವೆಂದು ನಿರ್ಣಯಿಸಿ, ೨೪೮, ೧೬ ಎಂದು ಆರಂಭವಾಗುವ ಆಜ್ಞೆಯನ್ನು ಕಳುಹಿಸಿದರೆ ಜಿ೨೫ ಒಮ್ಮೆ ಸಂಬಂಧವನ್ನು ಕಡಿದುಕೊಂಡು, ಸಿ೨೯೯ ಎಂಬ ತನ್ನ ಸ್ವಂತ ಸಂಖ್ಯೆಯೊಡನೆ ಮರಳಿ ಬರುವುದು. ಬ್ರಹ್ಮಗಿರಿಯ ಶಾಸನವನ್ನು ಇಲ್ಲಿ ನೆನೆಯದಿರಲಾಗದು. ಶಾಸನವೆಲ್ಲವೂ ಬ್ರಾಹ್ಮಿಯಲ್ಲಿದ್ದರೂ, ಬರೆದ ಚಪಡನು ಕೊನೆಯಲ್ಲಿ 'ಲಿಪಿಕಾರ'ನೆಂಬ ತನ್ನ ವೃತ್ತಿಯನ್ನು ಸೂಚಿಸುವ ಪದವನ್ನು ಖರೋಷ್ಠಿಯಲ್ಲಿ ಬರೆದಿರುವನು. ವಾಯವ್ಯ ದೇಶದ ಲಿಪಿಯೊಂದನ್ನು ಅವನು ಬಲ್ಲವನಾಗಿದ್ದನೆಂಬುದು ನಮಗೆ ತಿಳಿದಿರುವುದು ಆ ಒಂದು ಪದದಿಂದ. ಮೂಲವನ್ನು ಪತ್ತೆಮಾಡುವವನು ದೊಡ್ಡ ಅಕ್ಷರಗಳನ್ನಲ್ಲದೆ ಅಂಚಿನ ಗುರುತುಗಳನ್ನೂ ನೋಡಬೇಕು.

ಓದುವುದು ಮುಗಿದ ಮೇಲೆ ಸಂಪಾದನೆಯ ಪ್ರಶ್ನೆಯು ಏಳುವುದು. ಪ್ರತಿಬಲದಲ್ಲಿ ಹಲವು ಬಗೆಗಳುಂಟು: ಒಂದೇ ಸಮನೆ ಎಳೆಯುವ ಸ್ಥಿರಬಲ, ನಡುವಿಗೆ ಸೆಳೆಯುವ ಸ್ಪ್ರಿಂಗ್ ಬಲ, ವೇಗವನ್ನು ತಡೆಯುವ ಬಲ, ಘರ್ಷಣೆ, ನಡುಕ. ಲಿನಕ್ಸಿನ ಮೂಲ ಚಾಲಕವು ಸ್ಥಿರಬಲವನ್ನೂ ನಡುವಿಗೆ ತರುವ ಗುಣವನ್ನೂ ಮಾತ್ರ ನಡೆಸಿಕೊಟ್ಟಿತು. ಉಳಿದವನ್ನು ಪ್ರತ್ಯೇಕವಾಗಿ ಬೆಳೆದ ಮತ್ತೊಂದು ಚಾಲಕವು ಸೇರಿಸಿತು. ಹಳೆಯ ಆಟವನ್ನೇ ಹೊಸ ಗಣಕದಲ್ಲಿ ನಡೆಸುವ ಅನುಕರಣ ತಂತ್ರಾಂಶಗಳಲ್ಲಿ ತೊಡಕು ಇಮ್ಮಡಿಯಾಗುವುದು. ಎರಡನೆಯ ಪ್ಲೇಸ್ಟೇಷನ್ನನ್ನು ಅನುಕರಿಸುವ ಪಿಸಿಎಸ್‌ಎಕ್ಸ್೨ ಎಂಬುದು ಇಲ್ಲದ ಡ್ರೈವಿಂಗ್ ಫೋರ್ಸ್ ಚಕ್ರವೊಂದನ್ನು ಇದ್ದಂತೆ ಆಟಕ್ಕೆ ತೋರಿಸಿ, ಆಟವು ಅದಕ್ಕೆ ಕೊಟ್ಟ ಆಜ್ಞೆಗಳನ್ನು ಓದಿ, ಇಂದಿನ ಚಕ್ರದ ಭಾಷೆಗೆ ಪರಿವರ್ತಿಸುವುದು. ಇಲ್ಲಿ ಭಾಷಾಂತರಕಾರನು ಮೂಲದ ಒರಟನ್ನು ಉಳಿಸಬೇಕೇ, ಇಂದಿನ ಬಲಿಷ್ಠವಾದ ಮೋಟಾರಿಗೆ ತಕ್ಕಂತೆ ನಯಗೊಳಿಸಬೇಕೇ? ತಾಳೆಯೋಲೆಯ ಅಪಪಾಠವನ್ನು ತಿದ್ದುವ ಸಂಪಾದಕನಿಗೆ ಎದುರಾಗುವ ಪ್ರಶ್ನೆಯೇ ಇದು. ಉತ್ತರವೂ ಒಂದೇ ಎಂದು ನಮಗೆ ತೋರುವುದು: ತಿದ್ದುಪಡಿಯನ್ನು ಮಾಡಬಹುದು, ಆದರೆ ಮೂಲಪಾಠವನ್ನು ಅಡಗಿಸಬಾರದು; ಹಳೆಯ ಬಲವು ಹೇಗಿತ್ತೆಂಬುದನ್ನು ಬಯಸಿದವನು ಮರಳಿ ಪಡೆಯುವಂತಿರಬೇಕು. ಚಂದ್ರವಳ್ಳಿಯ ಮಯೂರಶರ್ಮನ ಶಾಸನದ ಪಾಠವನ್ನು ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯಗಳು ಬಂದಾಗ ಅವುಗಳನ್ನು ಪರೀಕ್ಷಿಸಲು ಸಾಧ್ಯವಾದುದು ಬಂಡೆಯು ಅಲ್ಲಿಯೇ ಇದ್ದುದರಿಂದ.

ಹಳೆಯ ವಸ್ತುವನ್ನು ಹೊಸ ಕಾರ್ಯಕ್ಕೆ ಹೂಡುವುದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಎರಡು ನಿದರ್ಶನಗಳುಂಟು. ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ೧೯೦೭ರಲ್ಲಿ ಮುಗಿದ ವಾಣೀವಿಲಾಸ ಸಾಗರವು ೧೯೩೩ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿದುದು ೨೦೨೨ರಲ್ಲಿ. ಆ ವೇಳೆಗೆ ಒಳ್ಳೆಯ ಮಳೆಯೊಡನೆ ಭದ್ರಾ ಮೇಲ್ದಂಡೆಯ ನೀರೂ ಹಳೆಯ ಕಟ್ಟೆಗೆ ಸೇರುತ್ತಿದ್ದಿತು. ಚಳ್ಳಕೆರೆಯ ಬಳಿಯ ವೈಮಾನಿಕ ಪರೀಕ್ಷಾ ಕ್ಷೇತ್ರದಲ್ಲಿ ಇಸ್ರೋ ಸಂಸ್ಥೆಯು ೨೦೨೩ನೆಯ ಏಪ್ರಿಲ್ ೨ರಂದು ರೆಕ್ಕೆಯುಳ್ಳ ಮರುಬಳಕೆಯ ವಾಹನವನ್ನು ಚಾಲಕನಿಲ್ಲದೆ ಇಳಿಸಿತು. ೨೦೨೪ನೆಯ ಮಾರ್ಚ್ ೨೨ರಂದು ಅದೇ ಒಡಲನ್ನೇ ಪರೀಕ್ಷಿಸಿ ಮತ್ತೆ ಬಳಸಿತು. ಜೂನ್ ೨೩ರಂದು ಮೂರನೆಯ ಸಲವೂ ಬಳಸಿತು. ಕಟ್ಟೆಗೂ ವಾಹನಕ್ಕೂ ಅವುಗಳ ಲೆಕ್ಕಪತ್ರಗಳನ್ನು ಕಾಪಾಡಿದ ಸಂಸ್ಥೆಗಳು ಇದ್ದವು. ಚಕ್ರಗಳಿಗೆ ಅಂಥ ಪೋಷಕರಿರಲಿಲ್ಲ, ಬಳಸುವವರೇ ಪಂಡಿತರಾಗಬೇಕಾಯಿತು. ಅವರು ಆಗದಿದ್ದಲ್ಲಿ, ಸರಿಯಾಗಿದ್ದ ಮೋಟಾರುಗಳು ಗುಜರಿಗೆ ಹೋಗುತ್ತಿದ್ದವು.

ಇದರಿಂದ ವಸ್ತುಸಂಗ್ರಹಾಲಯಗಳಿಗೂ ಗ್ರಂಥಭಂಡಾರಗಳಿಗೂ ಒಂದು ಕರ್ತವ್ಯವು ಏರ್ಪಡುವುದು. ಈ ಶತಮಾನದ ಉಪಕರಣವನ್ನು ಸಂಗ್ರಹಿಸುವವರು ಗಾಜಿನ ಪೆಟ್ಟಿಗೆಯಲ್ಲಿ ಅದರ ಒಡಲನ್ನಿಟ್ಟು ತೃಪ್ತರಾಗದೆ, ಅದರ ಆಜ್ಞೆಗಳ ಪಟ್ಟಿಯನ್ನೂ ಪ್ರತಿಯೊಂದು ಅಂಕದ ಅರ್ಥವನ್ನೂ ಕನ್ನಡದಲ್ಲಿ ಬರೆದು ಜೊತೆಯಲ್ಲಿಡಬೇಕು. ಆ ಪಟ್ಟಿಗೆ ಹೆಚ್ಚು ಜಾಗವೇನೂ ಬೇಡ. ಜಿ೨೫ರ ಭಾಷೆಯು ಕೆಲವೇ ಪುಟಗಳಲ್ಲಿ ಅಡಗುವುದು. ತಿಳಿದವರು ಇನ್ನೂ ಇರುವಾಗಲೇ ಅದನ್ನು ಬರೆದಿಡುವುದು ಸುಲಭ.