ಸಾಗರ ದಾಟಿದ ತಂಪು: ‘ಡುನೆಡಿನ್’ ಹಡಗಿನ ಕಥೆ

1882ರ ಫೆಬ್ರುವರಿ 15ರಂದು ನ್ಯೂಜಿಲೆಂಡಿನ ಪೋರ್ಟ್ ಚಾಮರ್ಸ್ ಬಂದರಿನಿಂದ ‘ಡುನೆಡಿನ್’ ಎಂಬ ಹಾಯಿಹಡಗು ಲಂಡನ್ನಿಗೆ ಹೊರಟಿತು. ಗಾಳಿಯನ್ನೇ ನಂಬಿ ಸಾಗುವ ಈ ಹಡಗಿನ ಮೇಲೆ ಹೊಗೆ ಉಗುಳುವ ಕೊಳವೆಯೂ ಇತ್ತು. ಅದರಡಿಯ ಉಗಿಯಂತ್ರ ಇದ್ದುದು ಹಡಗನ್ನು ನಡೆಸಲು ಅಲ್ಲ, ಸರಕನ್ನು ತಣ್ಣಗಿಡಲು. ಹಡಗಿನ ಒಡಲಲ್ಲಿ 4,331 ಕುರಿಗಳ, 598 ಕುರಿಮರಿಗಳ ಮತ್ತು 22 ಹಂದಿಗಳ ಮಾಂಸವಿತ್ತು. ಜೊತೆಗೆ 250 ಪೀಪಾಯಿ ಬೆಣ್ಣೆಯಿತ್ತು. ಉಷ್ಣವಲಯವನ್ನು ದಾಟಿ ಮೂರು ತಿಂಗಳಿಗೂ ಹೆಚ್ಚು ಕಾಲ ಸಾಗಬೇಕಿದ್ದ ಈ ಸರಕು ಕೆಡದೆ ತಲುಪಿದರೆ ಒಂದು ದೇಶದ ಹಣೆಬರಹವೇ ಬದಲಾಗುವುದಿತ್ತು.

ಆಗ ನ್ಯೂಜಿಲೆಂಡಿನಲ್ಲಿ ಸುಮಾರು 5 ಲಕ್ಷ ಜನರಿದ್ದರೆ, ಕುರಿಗಳ ಸಂಖ್ಯೆ 1 ಕೋಟಿ 20 ಲಕ್ಷವನ್ನು ಮೀರಿತ್ತು. ಕುರಿಯಿಂದ ಬರುತ್ತಿದ್ದ ಆದಾಯವೆಂದರೆ ಮುಖ್ಯವಾಗಿ ಉಣ್ಣೆ. ವಯಸ್ಸಾದ ಕುರಿಗಳನ್ನು ದೊಡ್ಡ ಹಂಡೆಗಳಲ್ಲಿ ಬೇಯಿಸಿ, ಸೋಪು, ಮೇಣದ ಬತ್ತಿಗಳಿಗೆ ಬೇಕಾದ ಕೊಬ್ಬು ತೆಗೆದು, ಮಾಂಸವನ್ನು ಎಸೆಯುವುದೂ ಇತ್ತು. ಇತ್ತ 12,000 ಮೈಲಿ ದೂರದ ಬ್ರಿಟನ್ನಿನ ಕೈಗಾರಿಕಾ ನಗರಗಳಲ್ಲಿ ಜನಸಂಖ್ಯೆ ಏರುತ್ತಿತ್ತು. ಮಾಂಸ ಕೂಲಿಕಾರರ ಕೈಗೆಟುಕದಷ್ಟು ದುಬಾರಿಯಾಗಿತ್ತು. ಒಂದು ಕಡೆ ಎಸೆಯುವಷ್ಟು, ಇನ್ನೊಂದು ಕಡೆ ಕೊಳ್ಳಲಾಗದಷ್ಟು. ನಡುವೆ ಇದ್ದುದು ಸಮುದ್ರ ಮತ್ತು ಬಿಸಿಲು.

ಮಂಜುಗಡ್ಡೆಯಿಂದ ಯಂತ್ರಕ್ಕೆ

ತಂಪನ್ನು ಕಡಲಾಚೆಗೆ ಒಯ್ಯುವ ಯತ್ನ ಹೊಸದೇನೂ ಆಗಿರಲಿಲ್ಲ. ಅದರ ಒಂದು ಕಂತು ಭಾರತಕ್ಕೂ ಬಂದಿತ್ತು. 1833ರಲ್ಲಿ ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್, ಅಲ್ಲಿನ ಕೆರೆಗಳಲ್ಲಿ ಹೆಪ್ಪುಗಟ್ಟಿದ ಮಂಜುಗಡ್ಡೆಯನ್ನು ಕೊಯ್ಸಿ ಕಲ್ಕತ್ತೆಗೆ ಕಳುಹಿಸಿದ. ನಾಲ್ಕು ತಿಂಗಳ ಪಯಣದ ನಂತರವೂ ಸುಮಾರು 100 ಟನ್ ಕರಗದೆ ಉಳಿದಿತ್ತು. ಚೆನ್ನೈನ ಕಡಲ ತೀರದಲ್ಲಿ ಇಂದಿಗೂ ನಿಂತಿರುವ ‘ಐಸ್ ಹೌಸ್’ ಕಟ್ಟಡ ಆ ವ್ಯಾಪಾರದ ಗುರುತು. ಆದರೆ ಮಂಜುಗಡ್ಡೆಯದು ಕರಗುತ್ತ ಹೋಗುವ ತಂಪು. ಮಾಂಸವನ್ನು ತಿಂಗಳುಗಟ್ಟಲೆ ಕಲ್ಲಿನಂತೆ ಗಟ್ಟಿಯಾಗಿ ಇರಿಸಲು, ಹಡಗಿನಲ್ಲಿಯೇ ಹಗಲಿರುಳು ತಂಪನ್ನು ತಯಾರಿಸುವ ಯಂತ್ರ ಬೇಕಿತ್ತು.

1876ರಲ್ಲಿ ಫ್ರಾನ್ಸಿನ ಎಂಜಿನಿಯರ್ ಷಾರ್ಲ್ ಟೆಲಿಯೆ ‘ಫ್ರಿಗೊರಿಫಿಕ್’ ಎಂಬ ಹಡಗಿನಲ್ಲಿ ರೂಆನ್‌ನಿಂದ ಅರ್ಜೆಂಟೀನಾಕ್ಕೆ ತಂಪು ಮಾಂಸ ಒಯ್ದ. 1880ರ ಫೆಬ್ರುವರಿಯಲ್ಲಿ ‘ಸ್ಟ್ರಾತ್‌ಲೆವೆನ್’ ಎಂಬ ಉಗಿಹಡಗು ಆಸ್ಟ್ರೇಲಿಯಾದಿಂದ ಸುಮಾರು 40 ಟನ್ ಮಾಂಸವನ್ನು ಲಂಡನ್ನಿಗೆ ಸುರಕ್ಷಿತವಾಗಿ ತಲುಪಿಸಿತು. ನ್ಯೂಜಿಲೆಂಡಿನಲ್ಲಿ ವಿಶಾಲ ಜಮೀನುಗಳನ್ನು ಹೊಂದಿದ್ದ ಬ್ರಿಟಿಷ್ ಭೂ ಕಂಪನಿಯೊಂದರ ವ್ಯವಸ್ಥಾಪಕ ವಿಲಿಯಂ ಡೇವಿಡ್ಸನ್ ಇದನ್ನು ಗಮನಿಸಿದ. ಆತನ ಪ್ರಯತ್ನದಿಂದ ‘ಡುನೆಡಿನ್’ ಹಡಗಿಗೆ ಸ್ಕಾಟ್ಲೆಂಡಿನ ‘ಬೆಲ್-ಕೋಲ್ಮನ್’ ಯಂತ್ರ ಕೂರಿಸಲಾಯಿತು.

ಯಂತ್ರದ ತತ್ವ ಸರಳ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತುದಿ ಬಿಸಿಯಾಗುತ್ತದೆ. ತುಂಬಿದ ಟ್ಯೂಬಿನ ಗಾಳಿ ಬಿಟ್ಟರೆ ಹೊರಬರುವ ಗಾಳಿ ತಣ್ಣಗಿರುತ್ತದೆ. ಹಡಗಿನ ಯಂತ್ರವೂ ಗಾಳಿಯನ್ನು ಒತ್ತಿ, ಆಗ ಹುಟ್ಟುವ ಬಿಸಿಯನ್ನು ನೀರಿನಿಂದ ತೆಗೆದು, ಬಳಿಕ ಗಾಳಿಯನ್ನು ಒಮ್ಮೆಲೇ ಹಿಗ್ಗಲು ಬಿಡುತ್ತಿತ್ತು. ಹಾಗೆ ಹಿಗ್ಗಿದ ಶೀತಲ ಗಾಳಿ ಮಾಂಸವಿಟ್ಟ ಕೋಣೆಯೊಳಗೆ ಹರಿಯುತ್ತಿತ್ತು. ಶೀತದಲ್ಲಿ ಮಾಂಸ ಕೆಡಿಸುವ ಸೂಕ್ಷ್ಮಜೀವಿಗಳೆಲ್ಲ ಸಾಯುವುದಿಲ್ಲ, ಆದರೆ ಅವುಗಳ ಬೆಳವಣಿಗೆ ನಿಲ್ಲುತ್ತದೆ. ಆದ್ದರಿಂದಲೇ ಯಂತ್ರ ಕೆಟ್ಟು ನಿಂತರೆ ಇಡೀ ಸರಕಿಗೇ ಕುತ್ತು.

ಅಂಥ ಕುತ್ತು ಮೊದಲಿಗೇ ಬಂತು. ಒಮರು ಪಟ್ಟಣದ ಬಳಿಯ ಟೊಟಾರ ಜಮೀನಿನಲ್ಲಿ ಕಡಿದ ಕುರಿಗಳನ್ನು ರೈಲಿನಲ್ಲಿ ಬಂದರಿಗೆ ತಂದು, ಹಡಗಿನಲ್ಲಿಯೇ ಹೆಪ್ಪುಗಟ್ಟಿಸಲಾಗುತ್ತಿತ್ತು. ಅಲ್ಲಿನ ಉಸ್ತುವಾರಿ ಥಾಮಸ್ ಬ್ರೈಡನ್‌ನದು. ಸರಕು ತುಂಬಲು ತೊಡಗಿದ ಕೆಲವೇ ದಿನಗಳಲ್ಲಿ ಯಂತ್ರದ ಕ್ರಾಂಕ್ ಷಾಫ್ಟ್ ಮುರಿಯಿತು. ಅದುವರೆಗೆ ತುಂಬಿದ್ದ ಮಾಂಸವನ್ನು ಇಳಿಸಿ ಸ್ಥಳೀಯವಾಗಿಯೇ ಮಾರಬೇಕಾಯಿತು. ದುರಸ್ತಿಯ ನಂತರ ಎಲ್ಲವೂ ಮತ್ತೆ ಮೊದಲಿನಿಂದ.

ಪಯಣವೂ ಸುಗಮವಾಗಿರಲಿಲ್ಲ. ದಿನಕ್ಕೆ 3 ಟನ್ ಕಲ್ಲಿದ್ದಲು ಉರಿಯುತ್ತಿದ್ದ ಒಲೆಯ ಕಿಡಿಗಳಿಂದ ಹಾಯಿಗೆ ಬೆಂಕಿ ತಗಲುವ ಭಯವಿತ್ತು. ಉಷ್ಣವಲಯದಲ್ಲಿ ಗಾಳಿ ಬೀಸದೆ ಹಡಗು ನಿಧಾನಿಸಿದಾಗ, ತಣ್ಣನೆಯ ಗಾಳಿ ಕೋಣೆಯ ಎಲ್ಲ ಮೂಲೆಗಳಿಗೂ ಹರಡುತ್ತಿಲ್ಲವೆಂಬುದು ತಿಳಿಯಿತು. ಕ್ಯಾಪ್ಟನ್ ಜಾನ್ ವಿಟ್ಸನ್ ಸ್ವತಃ ಗಾಳಿಕೊಳವೆಯೊಳಗೆ ತೆವಳಿ ಹೋಗಿ ಹೊಸ ರಂಧ್ರಗಳನ್ನು ಕೊರೆದ. ಚಳಿಗೆ ಮರಗಟ್ಟಿ ಸಾವಿನಂಚಿಗೆ ಹೋಗಿದ್ದ ಅವನನ್ನು ಕಾಲಿಗೆ ಹಗ್ಗ ಕಟ್ಟಿ ಹೊರಗೆಳೆಯಬೇಕಾಯಿತು. 98 ದಿನಗಳ ನಂತರ, ಮೇ 24ರಂದು ಹಡಗು ಲಂಡನ್ ತಲುಪಿತು. ಸ್ಮಿತ್‌ಫೀಲ್ಡ್ ಮಾರುಕಟ್ಟೆಯಲ್ಲಿ ಇಡೀ ಸರಕಿನಲ್ಲಿ ಕೆಟ್ಟಿದೆಯೆಂದು ತಿರಸ್ಕೃತವಾದುದು ಒಂದೇ ಒಂದು ಕುರಿಯ ಮಾಂಸ. ಖರ್ಚು ಕಳೆದು ಬಂದ ಲಾಭ 4,700 ಪೌಂಡ್.

ಲಾಭ ಯಾರಿಗೆ?

ಉಣ್ಣೆಗಾಗಿ ಕುರಿ ಸಾಕಲು ಸಾವಿರಾರು ಎಕರೆ ಬೇಕಿತ್ತು. ಅದು ಭೂಮಾಲೀಕರ ಬದುಕು. ಮಾಂಸ, ಬೆಣ್ಣೆ, ಗಿಣ್ಣುಗಳಿಗೆ ಕಡಲಾಚೆ ಬೆಲೆ ಸಿಕ್ಕ ಮೇಲೆ ಸಣ್ಣ ಹಿಡುವಳಿಯ ರೈತನೂ ಸಂಸಾರ ಸಾಗಿಸುವಂತಾಯಿತು. 1893ರಲ್ಲಿ ಸರ್ಕಾರ ಚೆವಿಯಟ್ ಎಂಬ ಭಾರಿ ಜಮೀನನ್ನು ಕೊಂಡು ಸಣ್ಣ ರೈತರಿಗೆ ಹಂಚಿತು. ಹಳ್ಳಿಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಗಳು ಬೆಳೆದವು. ಬ್ರಿಟನ್ನಿನ ಕಾರ್ಮಿಕನ ತಟ್ಟೆಗೆ ಅಗ್ಗದ ಮಾಂಸ ಬಂತು. ಅಲ್ಲಿನ ರೈತನಿಗೆ ಹೊಸ ಪೈಪೋಟಿ ಎದುರಾಯಿತು.

ಆದರೆ ಈ ಸಮೃದ್ಧಿಗೆ ಬೇಕಾದ ಹುಲ್ಲುಗಾವಲು ಎಲ್ಲಿಂದ ಬಂತೆಂಬುದನ್ನು ಮರೆಯುವಂತಿಲ್ಲ. 1890ರ ದಶಕದಲ್ಲಿ ಸರ್ಕಾರ ಮೂಲನಿವಾಸಿ ಮಾವೊರಿ ಜನರ ಲಕ್ಷಾಂತರ ಎಕರೆ ಭೂಮಿಯನ್ನು ಕಡಿಮೆ ಬೆಲೆಗೆ ಕೊಂಡು ವಲಸಿಗ ರೈತರಿಗೆ ನೀಡಿತು. ಕಾಡು ಕಡಿದು, ಸುಟ್ಟು, ಹುಲ್ಲು ಬಿತ್ತಲಾಯಿತು. ಹಡಗಿನ ತಂಪು ಒಬ್ಬರಿಗೆ ಹೊಲ ಕೊಟ್ಟರೆ, ಇನ್ನೊಬ್ಬರ ನೆಲ ಕೈಬಿಡಲು ಕಾರಣವಾಯಿತು.

ಇನ್ನೊಂದು ಪರಿಣಾಮ ಕಾಣಿಸಲು 90 ವರ್ಷ ಬೇಕಾಯಿತು. ನ್ಯೂಜಿಲೆಂಡ್ ಬ್ರಿಟನ್ನಿನ ದೂರದ ಹೊಲವಾಗಿಬಿಟ್ಟಿತ್ತು. 1950ರ ದಶಕದಲ್ಲಿಯೂ ಅದರ ರಫ್ತಿನ ಅರ್ಧಕ್ಕಿಂತ ಹೆಚ್ಚು ಭಾಗ ಹೋಗುತ್ತಿದ್ದುದು ಬ್ರಿಟನ್ನಿಗೇ. 1973ರ ಜನವರಿ 1ರಂದು ಬ್ರಿಟನ್ ಯುರೋಪಿಯನ್ ಆರ್ಥಿಕ ಸಮುದಾಯವನ್ನು ಸೇರಿದಾಗ, ಖಾತರಿಯಾಗಿದ್ದ ಆ ಗಿರಾಕಿ ಕೈತಪ್ಪತೊಡಗಿದ. ಹೊಸ ಮಾರುಕಟ್ಟೆಗಳನ್ನು ಹುಡುಕಲು ಆ ದೇಶ ವರ್ಷಗಟ್ಟಲೆ ಪರದಾಡಿತು.

‘ಡುನೆಡಿನ್’ ಅದಕ್ಕೆ ಬಹಳ ಮೊದಲೇ ಕಣ್ಮರೆಯಾಗಿತ್ತು. 1890ರ ಮಾರ್ಚ್‌ನಲ್ಲಿ ಒಮರುವಿನಿಂದ ಲಂಡನ್ನಿಗೆ ಹೊರಟ ಹಡಗು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಅದರಲ್ಲಿದ್ದ 34 ಮಂದಿಯ ಸುಳಿವೂ ಸಿಗಲಿಲ್ಲ.

ಇಂದು ಆ ಕೆಲಸವನ್ನು ವಿದ್ಯುತ್ತಿನಿಂದ ನಡೆಯುವ ಶೀತಲ ಕಂಟೇನರುಗಳು ಮಾಡುತ್ತವೆ. ಹೆಪ್ಪುಗಟ್ಟಿಸಿದ ಮೀನು, ಮಾಂಸಗಳಿಗೆ ಸಾಮಾನ್ಯವಾಗಿ ಮೈನಸ್ 18 ಡಿಗ್ರಿ ಸೆಲ್ಸಿಯಸ್. ಬಾಳೆಹಣ್ಣಿಗೆ ಸುಮಾರು 13 ಡಿಗ್ರಿ. ಈ ಪೆಟ್ಟಿಗೆಗಳು ಸರಕನ್ನು ಹೆಪ್ಪುಗಟ್ಟಿಸಲು ಅಲ್ಲ, ಮೊದಲೇ ಹೆಪ್ಪುಗಟ್ಟಿದ್ದನ್ನು ಹಾಗೆಯೇ ಉಳಿಸಲು. ಹೀಗಾಗಿ ದೋಣಿಯಿಂದ ಇಳಿದ ಗಳಿಗೆಯಿಂದಲೇ ತಂಪಿನ ಸರಪಳಿ ಆರಂಭವಾಗಬೇಕು. ಮಂಗಳೂರು, ಮಲ್ಪೆಯಂಥ ಬಂದರುಗಳಲ್ಲಿ ಇಳಿಯುವ ಬೊಂಡಾಸ, ಸೀಗಡಿಗಳು ವಿದೇಶದ ಅಡುಗೆಮನೆ ಸೇರುವುದು ಇದೇ ಸರಪಳಿಯ ಮೂಲಕ.

ನ್ಯೂಜಿಲೆಂಡ್ ಕಲಿತ ಪಾಠ ಇಲ್ಲಿಗೂ ಅನ್ವಯಿಸುತ್ತದೆ. ಭಾರತದ ಸೀಗಡಿಗೆ ಅಮೆರಿಕ ಬಹುದೊಡ್ಡ ಗಿರಾಕಿ. 2025ರ ಆಗಸ್ಟ್‌ನಲ್ಲಿ ಆ ದೇಶ ಭಾರತದ ಸರಕುಗಳ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿದಾಗ ಕಂಗಾಲಾದವರಲ್ಲಿ ಆಂಧ್ರದ ಸೀಗಡಿ ಕೊಳಗಳ ರೈತರೂ ಇದ್ದರು. ಅವರ ಸರಕು ಕೆಟ್ಟಿರಲಿಲ್ಲ, ಯಂತ್ರಗಳೂ ನಿಂತಿರಲಿಲ್ಲ. ತಂಪು ದೂರದ ಮಾರುಕಟ್ಟೆಯನ್ನು ಹತ್ತಿರ ತರಬಲ್ಲದು. ಅದರ ಬಾಗಿಲು ತೆರೆದೇ ಇರುತ್ತದೆಂಬ ಭರವಸೆಯನ್ನು ಮಾತ್ರ ಕೊಡಲಾರದು.