ಜಪಾನಿನ ಸಚಿತ್ರ ಕಥಾಕ್ರೀಡೆಗಳೂ ಚಿತ್ರಪರಿಷ್ಕರಣವೂ

ಓಲೆಯಲ್ಲಿ ಅಳಿದುಹೋದ ಅಕ್ಷರವನ್ನು ಲಿಪಿಕಾರನು ಊಹೆಯಿಂದ ತುಂಬಿದರೆ ಓದು ಸುಗಮವಾಗುವುದು, ಮೂಲಪಾಠವು ಮಾತ್ರ ಮರೆಯಾಗುವುದು. ಗ್ರಂಥಸಂಪಾದಕರಿಗೆ ಸುವಿದಿತವಾದ ಈ ತೊಡಕು ಈಚೆಗೆ ಜಪಾನ್ ದೇಶದ 'ವಿಷುವಲ್ ನಾವೆಲ್' ಎಂಬ ಕಥಾಪ್ರಕಾರದಲ್ಲಿಯೂ ತಲೆದೋರಿದೆ. ಗಣಕಯಂತ್ರದ ತೆರೆಯ ಮೇಲೆ ಚಿತ್ರಗಳೊಡನೆ ಬರಹವನ್ನು ಓದುತ್ತ, ಅಲ್ಲಲ್ಲಿ ಕಥೆಯ ಗತಿಯನ್ನು ಓದುಗನೇ ಆರಿಸಿಕೊಳ್ಳುವ ಕ್ರೀಡೆಗಳಿವು. ೧೯೯೬ರಲ್ಲಿ 'ಲೀಫ್' ಸಂಸ್ಥೆಯು 'ಶಿಜುಕು' ಎಂಬ ಕೃತಿಯಿಂದ ಮೊದಲುಮಾಡಿದ ಮಾಲೆಗೆ ಇದೇ ಹೆಸರಿದ್ದಿತು.

ಅದಕ್ಕೂ ಹಿಂದಿನ ಪಿಸಿ-೯೮ ಗಣಕಗಳಲ್ಲಿ ಚಿತ್ರದ ಅಳತೆಯು ಸಾಮಾನ್ಯವಾಗಿ ಅಗಲಕ್ಕೆ ೬೪೦, ಎತ್ತರಕ್ಕೆ ೪೦೦ ಬಿಂದುಗಳು; ಏಕಕಾಲಕ್ಕೆ ತೋರಬಹುದಾದ ಬಣ್ಣಗಳು ೧೬. ಚಿತ್ರಕಾರರು ಎರಡು ಬಣ್ಣಗಳ ಬಿಂದುಗಳನ್ನು ಒಂದು ಬಿಟ್ಟೊಂದರಂತೆ ಹೆಣೆದು ಮೂರನೆಯ ಬಣ್ಣದ ಭ್ರಾಂತಿಯನ್ನುಂಟುಮಾಡುತ್ತಿದ್ದರು. ಕೊರತೆಯೇ ಅಲ್ಲಿ ಕಲೆಯಾಯಿತು.

ಬಳಿಕ ೬೪೦ಕ್ಕೆ ೪೮೦ರ ಅಳತೆಯು ರೂಢಿಗೆ ಬಂದಿತು. ಅಂತಹ ಚಿತ್ರದಲ್ಲಿ ೩,೦೭,೨೦೦ ಬಿಂದುಗಳಿರುವುವು. ಅದನ್ನು ೧,೦೮೦ ಬಿಂದುಗಳ ಎತ್ತರಕ್ಕೆ ಹಿಗ್ಗಿಸಿದರೆ ೧೫,೫೫,೨೦೦ ಆಗುವುವು. ಎಂದರೆ ಐದರಲ್ಲಿ ನಾಲ್ಕು ಬಿಂದುಗಳು ಚಿತ್ರಕಾರನು ಇಟ್ಟವಲ್ಲ. ಹಿಂದೆ ಇವನ್ನು ನೆರೆಯ ಬಿಂದುಗಳ ಸರಾಸರಿಯಿಂದ ತುಂಬುತ್ತಿದ್ದರು. ಅದರಿಂದ ಗೆರೆಗಳು ಮಸುಕಾಗುತ್ತಿದ್ದುವು. ೨೦೧೪ರಲ್ಲಿ ಹಾಂಗ್‌ಕಾಂಗಿನ ಸಂಶೋಧಕರು ಚಿತ್ರರಾಶಿಯಿಂದ ಕಲಿತು ಸೂಕ್ಷ್ಮಾಂಶಗಳನ್ನು ಊಹಿಸುವ ಗಣಿತಕ್ರಮವೊಂದನ್ನು ಪ್ರಕಟಿಸಿದರು. ಅದನ್ನನುಸರಿಸಿ ೨೦೧೫ರಲ್ಲಿ ಹೊರಬಂದ 'ವೈಫು೨ಎಕ್ಸ್' ಎಂಬ ಸಾಧನವು ಜಪಾನೀ ಶೈಲಿಯ ರೇಖಾಚಿತ್ರಗಳಿಗೆಂದೇ ರೂಪಿತವಾಗಿ, ಅಭಿಮಾನಿಗಳ ಕೈಗೆ ಸುಲಭವಾಗಿ ದೊರೆಯಿತು. ಗೆರೆಗಳು ಸ್ಪಷ್ಟವಾದುವೆಂಬುದು ನಿಜ. ಆದರೆ ಹಳೆಯ ಹೆಣಿಗೆಯ ಬಿಂದುಗಳನ್ನು ಇಂತಹ ಸಾಧನವು ಕೊಳೆಯೆಂದು ಬಗೆದು ಅಳಿಸಿಬಿಡಲೂಬಹುದು.

೨೦೦೨ರ ಆಗಸ್ಟಿನಲ್ಲಿ ಮೊದಲ ಭಾಗವು ಹೊರಬಂದ 'ಹಿಗುರಾಶಿ ನೊ ನಾಕು ಕೊರೊ ನಿ' ಎಂಬ ಕೃತಿಯು ಇನ್ನೊಂದು ಬಗೆಗೆ ನಿದರ್ಶನ. ಕಥೆಗಾರ ರ್ಯುಕಿಶಿ೦೭ ಪಾತ್ರಗಳನ್ನೂ ತಾನೇ ಬರೆದನು. ದಪ್ಪ ಕೈಗಳ ಆ ಬೊಂಬೆಗಳು ನಗೆಗೀಡಾದುದೂ ಉಂಟು. ೨೦೦೭ರ ಪ್ಲೇಸ್ಟೇಷನ್ ೨ ಆವೃತ್ತಿಗೆ ಬೇರೊಬ್ಬರು ಹೊಸ ಚಿತ್ರಗಳನ್ನು ರಚಿಸಿದರು. ಮುಂದೆ ಅಭಿಮಾನಿಗಳು ಆಟದ ಯಂತ್ರಗಳಿಗಾಗಿ ಸಿದ್ಧವಾದ ಚಿತ್ರಗಳನ್ನೂ ಧ್ವನಿಗಳನ್ನೂ ಗಣಕದ ಆವೃತ್ತಿಗೆ ಜೋಡಿಸಿದರು. ಆದರೆ ಮುಗ್ಧವಾದ ಆ ಒರಟು ಮುಖಗಳಿಗೂ ಕಥೆಯ ಕ್ರೌರ್ಯಕ್ಕೂ ಇರುವ ವಿರೋಧದಿಂದಲೇ ಭಯಾನಕ ರಸವು ಪುಷ್ಟವಾಗುವುದೆಂಬುದನ್ನು ಮರೆಯಲಾಗದು. ಮುಖವು ತಿದ್ದಲ್ಪಟ್ಟರೆ ರಸವೂ ಬದಲಾಗುವುದು.

ಹಾಗೆಂದು ಪರಿಷ್ಕರಣವನ್ನು ನಿಷೇಧಿಸುವುದು ಉಚಿತವಲ್ಲ; ಅದಿಲ್ಲದಿದ್ದರೆ ಎಷ್ಟೋ ಕೃತಿಗಳು ಹೊಸ ಯಂತ್ರಗಳಲ್ಲಿ ಓದುಗರನ್ನೇ ಕಾಣಲಾರವು. ಆ ಅಭಿಮಾನಿಗಳ ಪರಿಷ್ಕರಣದಲ್ಲಿ ಮೂಲಚಿತ್ರಗಳನ್ನೇ ಆರಿಸಿಕೊಂಡು ಓದಲು ಅವಕಾಶವುಂಟು. ಉತ್ತಮ ಸಂಪಾದಕನು ತಿದ್ದಿದ ಪಾಠವನ್ನು ಮೇಲಿಟ್ಟು ಪಾಠಾಂತರವನ್ನು ಅಡಿಯಲ್ಲಿ ಉಳಿಸುವುದೂ ಇದೇ ನ್ಯಾಯದಿಂದ. ಊಹೆಯು ಊಹೆಯೆಂದು ಕಾಣುವವರೆಗೆ ಅದು ಸೇವೆ. ಮೂಲವೆಂದು ನಿಂತಾಗ ಅಪಪಾಠ.