ದಿನಕ್ಕೊಂದು ಗಿಡ: ಶಿವಮೊಗ್ಗೆಯ ಒಬ್ಬ ಅನಾಮಿಕ ಚಿತ್ರಗಾರ

1845ರ ಸುಮಾರಿಗೆ ಶಿವಮೊಗ್ಗೆಯಲ್ಲಿ ಒಬ್ಬ ಚಿತ್ರಗಾರ ದಿನಕ್ಕೊಂದು ಗಿಡ ಬರೆಯುತ್ತಿದ್ದ. ಮರಾಠಿಯವನು ಎಂಬುದೊಂದನ್ನು ಬಿಟ್ಟರೆ ಅವನ ಹೆಸರು, ಮನೆತನ ಯಾವುದೂ ದಾಖಲಾಗಿಲ್ಲ. ಅವನನ್ನು ಕೆಲಸಕ್ಕಿಟ್ಟುಕೊಂಡವನ ಚರಿತ್ರೆಯಾದರೋ ಹುಟ್ಟಿದ ದಿನದಿಂದ ಸಿಗುತ್ತದೆ. ಹ್ಯೂ ಕ್ಲೆಗ್‌ಹಾರ್ನ್ 1820ರಲ್ಲಿ ಮದರಾಸಿನಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ವೈದ್ಯಕೀಯ ಓದಿ, 1842ರಲ್ಲಿ ಕಂಪನಿಯ ವೈದ್ಯನಾಗಿ ಮದರಾಸಿಗೆ ಮರಳಿ, ಅಲ್ಲಿಂದ ಮೈಸೂರು ಸೀಮೆಯ ನಗರ ವಿಭಾಗಕ್ಕೆ ಬಂದವನು. ದಿನಕ್ಕೆ ಒಂದು ಗಿಡವನ್ನು ಕಾಲು ಗಂಟೆ ಅಭ್ಯಾಸ ಮಾಡು ಎಂದು ಸಸ್ಯವಿಜ್ಞಾನಿ ವಿಲಿಯಂ ಹುಕರ್ ಕೊಟ್ಟ ಸಲಹೆಯನ್ನು ಆತ ವ್ರತದಂತೆ ಹಿಡಿದ. ಆ ವ್ರತದ ಫಲವಾದ ಚಿತ್ರಗಳು ಈಗ ಎಡಿನ್‌ಬರೋದ ರಾಯಲ್ ಬೊಟಾನಿಕ್ ಗಾರ್ಡನ್ನಿನಲ್ಲಿವೆ. ಅಲ್ಲಿನ ಸಸ್ಯವಿಜ್ಞಾನಿ ಹೆನ್ರಿ ನೋಲ್ಟಿ ಅವರು 2016ರಲ್ಲಿ ಅವುಗಳ ಮೇಲೆ ಪುಸ್ತಕ ತಂದ ಮೇಲೆ ಹೊರಗಿನವರಿಗೂ ಅವುಗಳ ಪರಿಚಯವಾಯಿತು.

ನೋಡಿದವನು ವೈದ್ಯ, ಬರೆದವನು ಚಿತ್ರಗಾರ: ಸಸ್ಯಚಿತ್ರಗಳ ಚರಿತ್ರೆಯಲ್ಲಿ ಕೆಲಸದ ಹಂಚಿಕೆಯನ್ನು ಹೀಗೆ ಹೇಳುವುದು ರೂಢಿ. ಈ ಟಿಪ್ಪಣಿಯ ತಕರಾರು ಈ ಹಂಚಿಕೆಯ ಬಗ್ಗೆ. ಸಸ್ಯಚಿತ್ರ ಬರೆಯುವವನು ಗಿಡ ಬಲ್ಲವನ ಹಾಗೆ ಹೆಜ್ಜೆಹೆಜ್ಜೆಗೂ ತೀರ್ಮಾನ ಮಾಡಬೇಕಾಗುತ್ತದೆ. ಆ ತೀರ್ಮಾನಗಳು ಚಿತ್ರದಲ್ಲೇ ಕಾಣುತ್ತವೆ, ಅವನ ಹೆಸರು ಕಾಣದಿದ್ದರೂ.

ಮೊದಲು, ಚಿತ್ರ ಯಾಕೆ ಬೇಕಿತ್ತು ಎಂಬುದು. ಗಿಡವನ್ನು ಕಾಗದದ ನಡುವೆ ಒತ್ತಿ ಒಣಗಿಸಿ ಇಟ್ಟುಕೊಳ್ಳುವ ಹರ್ಬೇರಿಯಂ ಪದ್ಧತಿ ಯುರೋಪಿನಲ್ಲಿ ಆಗಲೇ ಹಳೆಯದು. ಅದು ಮಲೆನಾಡಿನ ಮಳೆಗಾಲಕ್ಕೆ ಒಗ್ಗುವ ಪದ್ಧತಿಯಲ್ಲ. ಆಷಾಢದಲ್ಲಿ ಪೆಟ್ಟಿಗೆಯೊಳಗಿನ ಜರಿ ಸೀರೆಗೂ ಬೂಷ್ಟು ಹಿಡಿಯುತ್ತದೆ. ಹಸಿ ಗಿಡ ಒತ್ತಿದ ಕಾಗದದ ಗತಿ ಬೇರೆ ಹೇಳಬೇಕೆ? ಒಣಗಿದರೂ ಬಣ್ಣ ಹೋಗುತ್ತದೆ, ಹೂವಿನ ಉಬ್ಬುತಗ್ಗು ಚಪ್ಪಟೆಯಾಗುತ್ತದೆ. ಇದರ ಕಷ್ಟ ಅತಿಯಾಗಿ ಕಾಣುವುದು ಕರ್ಣಕುಂಡಲದ ಬಳಗದಲ್ಲಿ. ನಮ್ಮ ಘಟ್ಟದ ಬಂಡೆ, ದರೆಗಳ ಮೇಲೆ ಮಳೆ ಹಿಡಿದೊಡನೆ ಏಳುವ ಈ ಗಿಡಗಳ ಹೂ ನೀರೇ ಗಟ್ಟಿಯಾದಂತೆ. ಹಿಂದಕ್ಕೆ ಚಾಚಿದ ಮಕರಂದದ ಕೊಂಬು, ಒಂದರೊಳಗೊಂದು ಸೇರಿದ ಎಸಳು, ಎಲ್ಲ ಒತ್ತಿದ ಕಾಗದದಲ್ಲಿ ಅಂಟಿಕೊಂಡು ಒಂದು ಕಂದು ಕಲೆಯಾಗುತ್ತದೆ. ವಿಲಿಯಂ ಹುಕರನ ಮಗ ಜೋಸೆಫ್ ಹುಕರ್ 1911ರಲ್ಲಿ ತೀರಿಕೊಳ್ಳುವ ತನಕ, ಬಾಳಿನ ಕಡೆಯ ವರ್ಷಗಳನ್ನು ಇಂಥ ಒಣ ಹೂಗಳನ್ನು ನೆನೆಸಿ ಬಿಡಿಸುವುದರಲ್ಲೇ ಸವೆಸಿದ. ಹಸಿ ಹೂ ಎದುರಿಗಿದ್ದಾಗಲೇ ಬರೆದ ಒಂದು ಚಿತ್ರ ಅಲ್ಲಿ ಉಳಿಸುವ ಶ್ರಮ ಸಣ್ಣದಲ್ಲ.

ಚಿತ್ರಗಾರನ ತೀರ್ಮಾನ ಎಂದರೇನು ಎಂದು ತಿಳಿಯಲು ಕಳೆದ ಮಳೆಗಾಲ ನಾನೂ ಪೆನ್ಸಿಲು ಹಿಡಿದೆ. ಕೈ ಅಷ್ಟೇನೂ ಪಳಗಿದ್ದಲ್ಲ. ಆರಿಸಿಕೊಂಡದ್ದು ಅಡಿಕೆ ತೋಟದ ಬೇಲಿಗೆ ಹಬ್ಬಿದ್ದ ಗೌರಿ ಹೂ. ಅಗ್ನಿಶಿಖೆ ಎಂದರೂ ಅದೇ. ಕಾಲು ಗಂಟೆ ಏನಕ್ಕೂ ಸಾಲಲಿಲ್ಲ. ಮೊದಲ ತೊಡಕು ಎಲೆಯದು: ಎಲೆಯ ತುದಿಯೇ ಸುರುಳಿಯಾಗಿ ಬೇಲಿಯ ಕಡ್ಡಿಯನ್ನು ಹಿಡಿದುಕೊಂಡಿರುತ್ತದೆ. ಕಡ್ಡಿ ಬಿಟ್ಟು ಬರೆದರೆ ಸುರುಳಿ ಯಾಕಿದೆಯೆಂದು ತಿಳಿಯದು, ಕಡ್ಡಿ ಸೇರಿಸಿದರೆ ಅದು ಗಿಡದ ಭಾಗವೇನೋ ಎನಿಸುತ್ತದೆ. ಎರಡನೆಯದು ಬಣ್ಣ. ಅರಳಿದ ಹೊಸತರಲ್ಲಿ ಆರು ಎಸಳೂ ಹಿಂದಕ್ಕೆ ಮಡಚಿ ಮೇಲಕ್ಕೆದ್ದಿರುತ್ತವೆ. ಬುಡ ಮತ್ತು ಅಲೆಯಲೆಯಾದ ಅಂಚು ಹಳದಿ, ಮೇಲುಭಾಗ ಕೆಂಪು. ದಿನ ಕಳೆದಂತೆ ಹಳದಿ ಹಿಂಜರಿದು ಹೂವೆಲ್ಲ ಕೆಂಪಾಗುತ್ತದೆ. ಬೆಳಿಗ್ಗೆ ಹಚ್ಚಲು ಕೂತ ಹಳದಿ ಮಾರನೆಯ ದಿನ ಮುಂದುವರಿಸಲು ಬಂದಾಗ ಅಲ್ಲಿರಲಿಲ್ಲ. ಮೂರನೆಯದು, ಶಲಾಕೆಯ ನಳಿಕೆ. ಅದು ಅಂಡಾಶಯದಿಂದ ನೇರ ಇಳಿಯುವುದಿಲ್ಲ. ಬುಡದಲ್ಲೇ ಹೆಚ್ಚುಕಡಿಮೆ ಲಂಬಕೋನದಲ್ಲಿ ಪಕ್ಕಕ್ಕೆ ತಿರುಗುತ್ತದೆ. ಎದುರಿನಿಂದ ಬರೆದರೆ ಆ ತಿರುವು ಮಾಯ. ಹೂವನ್ನು ಯಾವ ಕಡೆಯಿಂದ ನೋಡಬೇಕು ಎಂದು ಗೊತ್ತಾಗಬೇಕಾದರೆ ಈ ಹೂವಿನ ವಿಶೇಷ ಯಾವುದು ಎಂದು ಮೊದಲೇ ಗೊತ್ತಿರಬೇಕು. ನನಗದು ಗೊತ್ತಾದದ್ದು ಎರಡು ಹಾಳೆ ಹಾಳಾದ ಮೇಲೆ.

ಬೇಲಿ ಸವರಲು ಬಂದಿದ್ದ ಹಿರಿಯರೊಬ್ಬರು ನನ್ನ ಚಿತ್ರ ನೋಡಿ, ‘ಗೆಡ್ಡೆ ಇಲ್ದೆ ಇದು ಎಂಥ ಗಿಡ ಮಾರಾಯ್ರೆ’ ಅಂದರು. ಅವರ ಮಾತು ಸರಿ. ಅವರ ಪಾಲಿಗೆ ಇದು ನೆಲದಡಿಯ ವಿಷದ ಗೆಡ್ಡೆ, ಹೂವೆಂಬುದು ಅದರ ಗುರುತಿನ ಚೀಟಿ ಮಾತ್ರ. ನೇಗಿಲಿನ ಹಾಗೆ ಬಾಗಿ ಕವಲೊಡೆದ ಆ ಗೆಡ್ಡೆಯಿಂದಲೇ ಸಂಸ್ಕೃತದಲ್ಲಿ ಇದಕ್ಕೆ ಲಾಂಗಲಿ ಎಂಬ ಹೆಸರು. ಲಾಂಗಲ ಎಂದರೆ ನೇಗಿಲು. ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ, ಜೀವ ತೆಗೆಯುವಂಥದ್ದು.

ಹಾಗಾದರೆ ಒಂದು ಪೂರ್ತಿ ಚಿತ್ರದಲ್ಲಿ ಮೊಗ್ಗು, ಹೊಸ ಹೂ, ಹಳೆ ಹೂ, ಕಾಯಿ, ಸೀಳಿದ ಅಂಡಾಶಯ, ಗೆಡ್ಡೆ ಎಲ್ಲವೂ ಒಂದೇ ಹಾಳೆಯ ಮೇಲೆ ಬರಬೇಕು. ಅಂಥ ಗಿಡ ಯಾವ ಬೇಲಿಯಲ್ಲೂ ಯಾರಿಗೂ ಕಾಣಸಿಗದು. ಸಸ್ಯಚಿತ್ರ ಎದುರಿಗಿರುವ ಗಿಡದ ಪಡಿಯಚ್ಚು ಅಲ್ಲ; ಹತ್ತು ಗಿಡ ನೋಡಿ ಕಟ್ಟಿದ ಹನ್ನೊಂದನೆಯದು. ಹುಳ ತಿಂದ ಎಲೆಯನ್ನು ಬಿಡಬೇಕೆ, ಎಲೆಯ ಬೆನ್ನು ತೋರಿಸಲು ಒಂದನ್ನು ಮಗುಚಬೇಕೆ, ಹಿಂದಿನ ಕೊಂಬೆಯನ್ನು ಬರೀ ಗೆರೆಯಲ್ಲಿ ಬಿಡಬೇಕೆ? ದಿನಕ್ಕೊಂದು ಗಿಡ ಬರೆಯುವವನಿಗೆ ಪ್ರತಿ ಗೆರೆಗೂ ದೊರೆಯನ್ನು ಕೇಳುತ್ತ ಕೂರುವುದು ಆಗದ ಮಾತು.

ತೋಟದ ಗಿಡಗಳ ಪಾಠ ಬೇರೆ. ಐದೆಸಳಿನ ಕೆಂಪು ದಾಸವಾಳವನ್ನು ಸೀಳಿದರೆ ಕೇಸರಗಳೆಲ್ಲ ಕೂಡಿ ಆದ ಕೊಳವೆ, ಅದರ ನಡುವೆ ಹಾದು ತುದಿಯಲ್ಲಿ ಐದಾಗಿ ಕವಲೊಡೆಯುವ ಶಲಾಕೆ ಚೊಕ್ಕವಾಗಿ ಸಿಗುತ್ತವೆ. ಶಾಲೆಯಲ್ಲಿ ಎಲ್ಲರೂ ಬರೆದದ್ದೇ. ಅದೇ ಎಸಳು ಒತ್ತಾದ ದಾಸವಾಳ ತನ್ನಿ: ಕೇಸರಗಳೇ ಎಸಳಾಗಿಬಿಟ್ಟಿವೆ, ಕೆಲವು ಅರ್ಧ ಎಸಳು, ತುದಿಯಲ್ಲಿ ಇನ್ನೂ ಪರಾಗದ ಚೀಲ. ಮಲೆನಾಡಿನ ಹೆಂಗಸರು ನೆಂಟರ ಮನೆಯಿಂದ ಹಿಳ್ಳು ತಂದು ಬೆಳೆಸುವ ಡೇರೆಯಲ್ಲೂ ಹೀಗೇ. ಮೆಕ್ಸಿಕೋದಿಂದ ಬಂದ ಆ ಗಿಡದ ಒಂದು ‘ಹೂ’ ನಿಜಕ್ಕೂ ನೂರಾರು ಪುಟ್ಟ ಹೂಗಳ ಗೊಂಚಲು. ದಪ್ಪ ಡೇರೆಯಲ್ಲಿ ನಡುವಿನ ಕೊಳವೆ ಹೂಗಳೂ ನಾಲಿಗೆ ಚಾಚಿ ಎಸಳಿನಂತಾಗಿವೆ. ಇಂಥ ಹೂಗಳನ್ನು ಸಸ್ಯವಿಜ್ಞಾನಿಗಳು ಒಂದು ಕಾಲಕ್ಕೆ ಅಸಹಜವೆಂದು ಮೂಗು ಮುರಿದು ಬದಿಗಿಟ್ಟರು. ನನ್ನ ಎಣಿಕೆಯಲ್ಲಿ ಬರೆಯಲು ಕಲಿಯುವವರಿಗೆ ಇವಕ್ಕಿಂತ ಒಳ್ಳೆಯ ಗುರುವಿಲ್ಲ. ಎಸಳು, ಕೇಸರ ಎಂದು ನಾವು ಬೇರೆಬೇರೆ ಹೆಸರಿಟ್ಟ ಅಂಗಗಳ ನಡುವಿನ ಗಡಿ ಎಷ್ಟು ತೆಳು ಎಂಬುದು ಕಾಡಿನ ಹೂವಿಗಿಂತ ಹಿತ್ತಿಲ ಹೂವಿನಲ್ಲೇ ಕಣ್ಣಿಗೆ ಕಟ್ಟುತ್ತದೆ.

ಹೆಸರಿನ ಮಾತಿಗೆ ಬರೋಣ. ಅದೇ ಕಾಲದಲ್ಲಿ ಮದರಾಸು ಸೀಮೆಯಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ವೈಟ್‌ಗಾಗಿ ಚಿತ್ರ ಬರೆದ ರಂಗಯ್ಯ ಮತ್ತು ಗೋವಿಂದು ಅವರ ಹೆಸರು ಅಳಿಯಲಿಲ್ಲ. ಅಚ್ಚಾದ ಫಲಕಗಳ ಅಡಿಯಲ್ಲೇ ಅವು ಬಿದ್ದಿವೆ. ವೈಟ್ 1838ರಿಂದ 1853ರವರೆಗೆ ಆರು ಸಂಪುಟಗಳಲ್ಲಿ ತಂದ ‘ಐಕೋನೆಸ್’ ಗ್ರಂಥದಲ್ಲಿ ಎರಡು ಸಾವಿರಕ್ಕೂ ಮೀರಿದ ಫಲಕಗಳಿವೆ. ಕಡೆಯ ಸಂಪುಟದಲ್ಲಿ ವೈಟ್ ಒಂದು ಆರ್ಕಿಡ್ ಕುಲಕ್ಕೆ ಗೋವಿಂದೂಯಿಯಾ ಎಂದೇ ಹೆಸರಿಟ್ಟ. ಆ ಕುಲ ಮುಂದೆ ಟ್ರೊಪಿಡಿಯಾದೊಳಗೆ ಸೇರಿಹೋಗಿ ಹೆಸರು ಚಾಲ್ತಿ ತಪ್ಪಿತು. ವೈಟ್ ಕ್ಲೆಗ್‌ಹಾರ್ನನ ಹೆಸರಿನಲ್ಲಿ ಮಾಡಿದ ಕ್ಲೆಗ್‌ಹಾರ್ನಿಯಾ ಕುಲ ಈಗಲೂ ಚಾಲ್ತಿಯಲ್ಲಿದೆ. ಇದು ವರ್ಗೀಕರಣದ ನಿಯಮದ ಆಟ, ಯಾರ ಪಕ್ಷಪಾತವೂ ಅಲ್ಲ. ಆದರೂ ಚುಚ್ಚುತ್ತದೆ. ಗೋವಿಂದು ಮುಂದೆ ಕ್ಲೆಗ್‌ಹಾರ್ನನಿಗೂ ಬರೆದುಕೊಟ್ಟ. ನಮ್ಮ ಲಾಲ್‌ಬಾಗಿನಲ್ಲಿ 1874ರಿಂದ 1908ರವರೆಗೆ ಮೇಲ್ವಿಚಾರಕನಾಗಿದ್ದ ಜಾನ್ ಕ್ಯಾಮರನ್ ಕಾಲದ ಚಿತ್ರಗಾರ ಚೆಲುವಯ್ಯ ರಾಜು ಹೆಸರೂ ಉಳಿದಿದೆ. ಅಂದರೆ ಹೆಸರು ಉಳಿದದ್ದು ಅಚ್ಚುಕೂಟಕ್ಕೋ ಸಂಸ್ಥೆಗೋ ಸೇರಿದವರದು. ಶಿವಮೊಗ್ಗೆಯವನು ಒಬ್ಬ ವೈದ್ಯನ ಸ್ವಂತ ಚಾಕರಿಯಲ್ಲಿದ್ದ. ಅವನ ಹೆಸರು ಬರೆದಿಡುವ ಕಡತವೇ ಇರಲಿಲ್ಲ.

ಶಿವಮೊಗ್ಗೆಯ ಆ ದಿನಚರಿಗೆ ಇನ್ನೊಂದು ಮುಖವೂ ಇದೆ. ಕ್ಲೆಗ್‌ಹಾರ್ನ್ 1856ರಲ್ಲಿ ಮದರಾಸು ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾದ. ಅದೇ ವರ್ಷ ಲಾಲ್‌ಬಾಗ್ ಸರ್ಕಾರಿ ಸಸ್ಯೋದ್ಯಾನವಾದದ್ದರ ಹಿಂದೆಯೂ ಆತನ ಸಲಹೆಯಿತ್ತು. ಕಾಡು ಕಡಿದು ಸುಟ್ಟು ಬಿತ್ತುವ ಕುಮರಿ ಬೇಸಾಯವನ್ನು ಕಾಡಿನ ಹಗೆಯೆಂದು ಕಂಡು ಅದನ್ನು ಅಡಗಿಸಲು ಗಟ್ಟಿಯಾಗಿ ವಾದಿಸಿದವನೂ ಅವನೇ. ಗಿಡವೊಂದನ್ನು ಅಷ್ಟು ತಾಳ್ಮೆಯಿಂದ ನೋಡಿದ ಕಣ್ಣು ಆ ಗಿಡದ ನಡುವೆ ಬಾಳಿದವರನ್ನು ಅಷ್ಟೇ ತಾಳ್ಮೆಯಿಂದ ನೋಡಿತೆನ್ನಲು ನನಗೆ ಧೈರ್ಯವಿಲ್ಲ.

ಕನ್ನಡದಲ್ಲಿ ಈ ಎರಡು ಕೆಲಸ, ನೋಡುವುದೂ ಬರೆಯುವುದೂ, ಒಂದೇ ಕೈಗೆ ಬಂದದ್ದು ಬಿ.ಜಿ.ಎಲ್. ಸ್ವಾಮಿ ಅವರಲ್ಲಿ. ‘ಹಸುರು ಹೊನ್ನು’ ಪುಸ್ತಕದ ಚಿತ್ರಗಳು ಅವರವೇ. ಬಣ್ಣವಿಲ್ಲ, ಹೊಳಪಿಲ್ಲ, ಕಪ್ಪು ಗೆರೆ ಮಾತ್ರ. ಪಕ್ಕದ ಗದ್ಯ ನಗಿಸುತ್ತಿರುವಾಗಲೂ ಗೆರೆ ತಮಾಷೆಗೆ ಇಳಿಯುವುದಿಲ್ಲ. ಆ ಪುಸ್ತಕಕ್ಕೆ 1978ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಚಿತ್ರಗಳ ಮಾತು ಹೆಚ್ಚು ಬರಲಿಲ್ಲವೆನಿಸುತ್ತದೆ. ಗದ್ಯದ ಸೊಗಸು ಅವನ್ನು ಮುಚ್ಚಿಬಿಟ್ಟಿತು.

ಮಲೆನಾಡಿನ ಗಿಡಗಳ ಹಳೆಯ ಚಿತ್ರಗಳನ್ನು ಮುಂದೆ ನೋಡುವವರಿಗೆ ಬೇಲಿಯ ಬದಿಯಲ್ಲಿ ಕಲಿತ ಒಂದು ಉಪಾಯ ಹೇಳಬಹುದು. ಗೌರಿ ಹೂವಿನ ಚಿತ್ರ ಎದುರಾದರೆ ಕೆಳಗಿನ ಬರಹಕ್ಕಿಂತ ಮೊದಲು ಎಸಳಿನ ಅಂಚು ನೋಡಬೇಕು. ಅಲ್ಲಿ ಹಳದಿ ಇನ್ನೂ ಇದ್ದರೆ ಹೂ ಅರಳಿದ ಹೊಸತರಲ್ಲೇ ಬಣ್ಣ ಮುಗಿಸಿದ್ದಾನೆ, ಇಲ್ಲವೇ ಆ ಬಣ್ಣವನ್ನು ನೆನಪಿನಲ್ಲಿ ಹಿಡಿದಿದ್ದಾನೆ. ಒಂದೇ ಕೊಂಬೆಯಲ್ಲಿ ಮೇಲಿನ ಹೂ ಹಳದಿ ಅಂಚಿನದಾಗಿ, ಕೆಳಗಿನದು ಪೂರ್ತಿ ಕೆಂಪಾಗಿ ಇದ್ದರೆ ಬಳ್ಳಿ ಬುಡದಿಂದ ತುದಿಗೆ ಅರಳುತ್ತ ಹೋಗುವ ಕ್ರಮವನ್ನು ಅವನು ಗಮನಿಸಿದ್ದಾನೆ. ಅದು ತಲೆಕೆಳಗಾಗಿದ್ದರೆ ಆ ಚಿತ್ರ ಬೇಲಿಯ ಬದಿಯಲ್ಲಿ ಹುಟ್ಟಿದ್ದಲ್ಲ, ಇನ್ನೊಂದು ಚಿತ್ರ ನೋಡಿ ಬರೆದದ್ದೆಂದು ಸಂಶಯಪಡಬೇಕು.